‘ಇದ್ದರೆ ಇರಲಿ’ ಎಂಬುದು ನಿರ್ದೋಷವಾದ ಮಾತಲ್ಲ

ಬಳಕೆಯಲ್ಲಿಲ್ಲದ ವಸ್ತುವೊಂದನ್ನು ಕಂಡು ‘ಇದು ಇಲ್ಲೇಕೆ?’ ಎಂದು ಯಾರಾದರೂ ಪ್ರಶ್ನಿಸಿದರೆ, ಮನೆಯ ಹಿರಿಯರ ಬಾಯಲ್ಲಿಯೂ ಸಂಸ್ಥೆಯ ಧರ್ಮದರ್ಶಿಗಳ ಬಾಯಲ್ಲಿಯೂ ಸಿದ್ಧವಾಗಿರುವ ಉತ್ತರವೊಂದಿದೆ: ‘ಇದ್ದರೆ ಇರಲಿ ಬಿಡಿ, ಅದೇನು ಅನ್ನ ಕೇಳುತ್ತದೆಯೇ?’ ಅಟ್ಟದ ಮೇಲಿನ ತಾಮ್ರದ ಹಂಡೆಯ ವಿಷಯದಲ್ಲಿ ಈ ಉತ್ತರ ಒಂದು ಮಟ್ಟಿಗೆ ಸಲ್ಲಬಹುದು. ಹಂಡೆ ತಾನಾಗಿ ರಾತ್ರಿ ಎದ್ದು ಮನೆಯ ಬಾಗಿಲನ್ನು ತೆರೆಯುವುದಿಲ್ಲ. ಆದರೆ ಮನೆ, ಅಂಗಡಿ, ಬ್ಯಾಂಕು, ಬಸದಿಗಳ ವ್ಯವಹಾರವನ್ನೆಲ್ಲ ಇಂದು ಹೊತ್ತು ನಿಂತಿರುವ ಗಣಕಯಂತ್ರಗಳೊಳಗೆ ಬಳಕೆಯಿಲ್ಲದೆ ಬಿದ್ದಿರುವ ತಂತ್ರಾಂಶದ ತುಣುಕುಗಳ ವಿಷಯದಲ್ಲಿಯೂ ಇದೇ ಉತ್ತರವನ್ನು ಹೇಳುವುದು ಅಜ್ಞಾನ. ತಿಳಿದ ಮೇಲೂ ಹೇಳುವುದು ಪ್ರಮಾದ. ಅಜ್ಞಾನಕ್ಕೆ ಕ್ಷಮೆಯುಂಟು; ಪ್ರಮಾದವನ್ನು ಶಾಸ್ತ್ರಕಾರರು ಹಿಂಸೆಯ ಬೇರು ಎಂದೇ ಎಣಿಸಿದ್ದಾರೆ. ಆದಕಾರಣ ಈ ವಿಷಯವು ಯಂತ್ರಜ್ಞರ ಕೋಣೆಗೆ ಮಾತ್ರ ಸೇರಿದ್ದಲ್ಲ, ಶ್ರಾವಕರ ವಿಚಾರಕ್ಕೂ ಅರ್ಹವಾದುದು.

ಅವಲಂಬನೆ ಎಂದರೇನು?

ಇಂದಿನ ಯಾವ ತಂತ್ರಾಂಶವನ್ನೂ ಒಬ್ಬನೇ ಆಮೂಲಾಗ್ರವಾಗಿ ಬರೆಯುವುದಿಲ್ಲ. ದಿನಾಂಕವನ್ನು ಸರಿಯಾದ ಕ್ರಮದಲ್ಲಿ ತೋರಿಸಲು ಒಂದು, ಛಾಯಾಚಿತ್ರವನ್ನು ಚಿಕ್ಕದಾಗಿಸಲು ಮತ್ತೊಂದು, ರಸೀದಿಯನ್ನು ಸಿದ್ಧಪಡಿಸಲು ಇನ್ನೊಂದು, ಹೀಗೆ ಬೇರೆಯವರು ಬರೆದು ಲೋಕಕ್ಕೆ ಬಿಟ್ಟುಕೊಟ್ಟ ಸಿದ್ಧ ಭಾಗಗಳನ್ನು ತಂದು ಜೋಡಿಸಿ ತಂತ್ರಾಂಶವನ್ನು ಕಟ್ಟುತ್ತಾರೆ. ಇಂಥ ಭಾಗಗಳಿಗೆ ಪ್ಯಾಕೇಜು ಅಥವಾ ಲೈಬ್ರರಿ ಎಂದು ಹೆಸರು. ತಂತ್ರಾಂಶವು ಅವನ್ನು ನೆಚ್ಚಿ ನಿಂತಿರುವುದರಿಂದ ಅವನ್ನು ಡಿಪೆಂಡೆನ್ಸಿ, ಅಂದರೆ ಅವಲಂಬನೆಗಳೆಂದು ಕರೆಯುವುದು ರೂಢಿ. ಜಾವಾಸ್ಕ್ರಿಪ್ಟ್ ಭಾಷೆಗೆ ಎನ್‌ಪಿಎಂ, ಪೈಥಾನ್ ಭಾಷೆಗೆ ಪೈಪಿಐ ಎಂಬ ಸಾರ್ವಜನಿಕ ಭಂಡಾರಗಳಿವೆ. ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಕು, ಬೇಕಾದ ಪ್ಯಾಕೇಜು ಬಂದು ಕುಳಿತುಕೊಳ್ಳುತ್ತದೆ. ಅದು ಒಂಟಿಯಾಗಿ ಬರುವುದು ಅಪರೂಪ. ತಾನು ನೆಚ್ಚಿದ ಬೇರೆ ಪ್ಯಾಕೇಜುಗಳನ್ನು ಅದು ಕರೆತರುತ್ತದೆ. ಅವು ತಮ್ಮವನ್ನು ಕರೆತರುತ್ತವೆ. ಒಬ್ಬ ನೆಂಟನನ್ನು ಊಟಕ್ಕೆ ಕರೆದರೆ ದಿಬ್ಬಣವೇ ಬಂದಿಳಿದಂತೆ.

ತರುವುದಕ್ಕೆ ಒಂದು ಸಾಲು ಸಾಕು. ಕಳುಹಿಸಿಕೊಡುವ ಹೊಣೆ ಮಾತ್ರ ಯಾರದೂ ಅಲ್ಲ. ಪ್ರಯೋಗಕ್ಕೆಂದು ತಂದ ಪ್ಯಾಕೇಜು ಪ್ರಯೋಗ ಕೈಬಿಟ್ಟ ಮೇಲೂ ಪಟ್ಟಿಯಲ್ಲಿ ಉಳಿಯುತ್ತದೆ. ಅದನ್ನು ಬಳಸುತ್ತಿದ್ದ ಪುಟವನ್ನು ಅಳಿಸಿದವನು ಪಟ್ಟಿಯನ್ನು ನೋಡುವುದಿಲ್ಲ. ಬರೆದ ತರುಣ ಬೇರೆ ಊರಿಗೆ ಹೋದ ಮೇಲೆ ಬಂದವನು, ಹಿಂದಿನವನು ಏನೋ ಕಾರಣಕ್ಕೆ ಇಟ್ಟಿರಬೇಕೆಂದು ಮುಟ್ಟುವುದಿಲ್ಲ. ಹೀಗೆ ವರ್ಷಗಳು ಕಳೆದಂತೆ, ಕರೆಯುವವರಿಲ್ಲದ ಅವಲಂಬನೆಗಳು ತಂತ್ರಾಂಶದೊಳಗೆ ನೆಲೆಸುತ್ತವೆ. ಕೆಲವೆಡೆ ಇಡೀ ಪ್ಯಾಕೇಜೇ ಅನುಪಯುಕ್ತವಾಗಿರುತ್ತದೆ. ಕೆಲವೆಡೆ ಪ್ಯಾಕೇಜು ಬೇಕು, ಆದರೆ ಅದರೊಳಗೆ ಯಾರೂ ಕೇಳದ ಸೌಲಭ್ಯವೊಂದು ಸದಾ ಎಚ್ಚರವಾಗಿರುತ್ತದೆ. ಎರಡೂ ಒಂದೇ ಜಾತಿಯ ದೋಷ.

ಅರ್ಧ ಸೆಕೆಂಡಿನ ಪಾಠ

ಬಿದ್ದಿರುವ ತುಣುಕು ಏನು ಮಾಡೀತು ಎಂದು ಕೇಳುವವರಿಗೆ 2024ರ ಮಾರ್ಚ್ ತಿಂಗಳ ವೃತ್ತಾಂತವೇ ಉತ್ತರ. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ತಮ್ಮ ಲಿನಕ್ಸ್ ಗಣಕದಲ್ಲಿ ಬೇರೊಂದು ಪರೀಕ್ಷೆ ನಡೆಸುತ್ತಿದ್ದಾಗ, ದೂರದಿಂದ ಪ್ರವೇಶ ಪಡೆಯುವ ಎಸ್‌ಎಸ್‌ಎಚ್ ಎಂಬ ದ್ವಾರವು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗಿ ತೆರೆಯುತ್ತಿರುವುದನ್ನು ಗಮನಿಸಿದರು. ಕಾರಣವನ್ನು ಹುಡುಕುತ್ತ ಹೋದಾಗ ಎಕ್ಸ್‌ಝಡ್ ಯೂಟಿಲ್ಸ್ ಎಂಬ ಕಡತ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟಿರುವುದು ಬಯಲಾಯಿತು. ಮಾರ್ಚ್ 29ರಂದು ಅವರು ಅದನ್ನು ಲೋಕಕ್ಕೆ ತಿಳಿಸಿದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದ ವ್ಯಕ್ತಿ ಎರಡು ವರ್ಷಗಳಿಗೂ ಮಿಕ್ಕಿ ಸೇವೆ ಸಲ್ಲಿಸುತ್ತ, ಆ ಕೆಲಸವನ್ನು ಬಹುಮಟ್ಟಿಗೆ ಒಬ್ಬರೇ ಹೊತ್ತಿದ್ದ ಮೂಲ ನಿರ್ವಾಹಕರ ವಿಶ್ವಾಸ ಗಳಿಸಿ, ಕೊನೆಗೆ ಈ ಕೃತ್ಯ ಎಸಗಿದ್ದ. ಆ ಆವೃತ್ತಿಗಳು ಹೆಚ್ಚಾಗಿ ಪರೀಕ್ಷಾರ್ಥ ಬಿಡುಗಡೆಗಳನ್ನು ಮಾತ್ರ ತಲುಪಿದ್ದವು. ಇನ್ನು ಕೆಲವು ತಿಂಗಳು ಕಳೆದಿದ್ದರೆ ಅವು ಅಸಂಖ್ಯಾತ ಸರ್ವರುಗಳಲ್ಲಿ ನೆಲೆಸುತ್ತಿದ್ದವು.

ಇಷ್ಟು ಕಥೆಯನ್ನು ಅನೇಕರು ಬಲ್ಲರು. ಕೇಳಬೇಕಾದ ಮುಖ್ಯ ಪ್ರಶ್ನೆ ಬೇರೆ ಇದೆ. ಕಡತಗಳನ್ನು ಕುಗ್ಗಿಸುವ ಲೈಬ್ರರಿಗೆ ಗಣಕದ ಹೆಬ್ಬಾಗಿಲಲ್ಲಿ ಏನು ಕೆಲಸ? ಏನೂ ಇಲ್ಲ. ಓಪನ್ ಎಸ್‌ಎಸ್‌ಎಚ್‌ನ ಮೂಲ ಕರ್ತೃಗಳು ಅದನ್ನು ಸೇರಿಸಿರಲಿಲ್ಲ. ಡೆಬಿಯನ್, ಫೆಡೋರಾ ಮೊದಲಾದ ಕೆಲವು ಲಿನಕ್ಸ್ ವಿತರಣೆಯವರು ‘ದ್ವಾರ ಸಿದ್ಧವಾಗಿದೆ’ ಎಂಬ ಪುಟ್ಟ ಸೂಚನೆಯೊಂದನ್ನು ಸಿಸ್ಟಂಡಿ ಎಂಬ ವ್ಯವಸ್ಥಾಪಕ ತಂತ್ರಾಂಶಕ್ಕೆ ಕಳುಹಿಸುವ ಸಲುವಾಗಿ ಅದರ ಇಡೀ ಲೈಬ್ರರಿಯನ್ನು ಜೋಡಿಸಿದ್ದರು. ಆ ಲೈಬ್ರರಿ ತನ್ನ ಬೇರೊಂದು ಕೆಲಸಕ್ಕಾಗಿ ಸಂಕೋಚನ ಲೈಬ್ರರಿಯನ್ನು ನೆಚ್ಚಿತ್ತು. ಒಂದು ಸಾಲಿನ ಸಂದೇಶಕ್ಕಾಗಿ ಬಂದ ದಿಬ್ಬಣದಲ್ಲಿ ಸಂಕೋಚನ ಲೈಬ್ರರಿಯೂ ಒಳಗೆ ಬಂತು. ಅದರ ಬೆನ್ನಲ್ಲಿ ಕಳ್ಳನೂ ಬಂದ. ದ್ವಾರವು ಆ ಲೈಬ್ರರಿಯಿಂದ ಒಂದು ಕಡತವನ್ನೂ ಕುಗ್ಗಿಸಿಕೊಂಡಿರಲಿಲ್ಲ. 2024ರ ಜುಲೈಯಲ್ಲಿ ಬಿಡುಗಡೆಯಾದ ಓಪನ್ ಎಸ್‌ಎಸ್‌ಎಚ್ 9.8ನೆಯ ಆವೃತ್ತಿಯಲ್ಲಿ ಅದೇ ಸೂಚನೆಯನ್ನು ಯಾವ ಹೊರ ಲೈಬ್ರರಿಯ ನೆರವೂ ಇಲ್ಲದೆ ಕಳುಹಿಸುವ ವ್ಯವಸ್ಥೆ ಬಂತು. ಬೇಕಾಗಿದ್ದದ್ದು ಅಷ್ಟೇ.

ಇದಕ್ಕೆ ಮೊದಲು, 2021ರ ಡಿಸೆಂಬರಿನಲ್ಲಿ ಲಾಗ್ ಫೋರ್ ಜೆ ಎಂಬ ಜಾವಾ ಲೈಬ್ರರಿಯ ದೋಷ ಜಗತ್ತನ್ನು ನಡುಗಿಸಿತು. ದಿನಚರಿ ಬರೆದಿಡುವುದು ಆ ಲೈಬ್ರರಿಯ ಕೆಲಸ. ಬರೆಯುವ ಸಾಲಿನೊಳಗೆ ವಿಳಾಸವಿದ್ದರೆ ಅಲ್ಲಿಗೆ ಹೋಗಿ ಮಾಹಿತಿ ತರುವ ಸೌಲಭ್ಯವೊಂದು 2013ರಿಂದ ಅದರಲ್ಲಿ ಸೇರಿತ್ತು. ಬಹುತೇಕ ಬಳಕೆದಾರರಿಗೆ ಅದು ಬೇಕಿರಲಿಲ್ಲ, ಇದೆಯೆಂದೂ ಗೊತ್ತಿರಲಿಲ್ಲ. ಆಕ್ರಮಣಕಾರರು ಅದೇ ಸೌಲಭ್ಯವನ್ನು ಏಣಿ ಮಾಡಿಕೊಂಡರು. ಆಗ ಸಂಸ್ಥೆಗಳ ಮುಂದೆ ಬಂದ ಮೊದಲ ಪ್ರಶ್ನೆ ‘ದುರಸ್ತಿ ಹೇಗೆ?’ ಎಂಬುದಾಗಿರಲಿಲ್ಲ, ‘ಇದು ನಮ್ಮಲ್ಲಿ ಇದೆಯೇ, ಇದ್ದರೆ ಎಲ್ಲೆಲ್ಲಿದೆ?’ ಎಂಬುದಾಗಿತ್ತು. ಅಮೆರಿಕದ ಸರಕಾರ ನೇಮಿಸಿದ್ದ ಸೈಬರ್ ಸುರಕ್ಷತಾ ಪರಾಮರ್ಶನ ಮಂಡಲಿಯ 2022ರ ಜುಲೈ ವರದಿಯಂತೆ, ಅಲ್ಲಿಯ ಒಂದೇ ಒಂದು ಇಲಾಖೆ ಈ ಕೆಲಸಕ್ಕೆ 33,000 ಗಂಟೆಗಳನ್ನು ವ್ಯಯಿಸಿತು. ‘ಇದ್ದರೆ ಇರಲಿ’ ಎಂಬ ಮಾತಿನ ಬೆಲೆ ಇದು.

ಹಳ್ಳಿಯ ಬ್ಯಾಂಕಿನವರೆಗೆ

ಇವು ದೂರದೇಶದ ದೊಡ್ಡವರ ಸಂಕಟಗಳೆಂದು ಸಮಾಧಾನಪಡುವಂತಿಲ್ಲ. 2024ರ ಜುಲೈ 31ರಂದು, ಸಣ್ಣ ಸಹಕಾರಿ ಬ್ಯಾಂಕುಗಳಿಗೆ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ಗಣಕಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ವ್ಯವಸ್ಥೆಯ ಮೇಲೆ ಸುಲಿಗೆ ತಂತ್ರಾಂಶದ ದಾಳಿಯಾದ ಸುದ್ದಿ ಬಂತು. ರೋಗ ಹರಡದಂತೆ ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದಾಗ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರ ಪಾವತಿಗಳು ನಿಂತುಹೋದವು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ಈ ಘಟನೆಯನ್ನು ಶೋಧಿಸಿ, ಸಹಯೋಗಿ ಸಂಸ್ಥೆಯೊಂದರಲ್ಲಿ ಸರಿಯಾಗಿ ಭದ್ರಪಡಿಸದಿದ್ದ ಜೆಂಕಿನ್ಸ್ ಸರ್ವರಿನಿಂದ ದಾಳಿ ಆರಂಭವಾಯಿತೆಂದು ವರದಿ ಮಾಡಿತು. ಅದರಲ್ಲಿ ಉಪಯೋಗವಾದದ್ದೆಂದು ಹೇಳಿದ ದೋಷ ಅದೇ ವರ್ಷದ ಜನವರಿಯಲ್ಲಿಯೇ ಪ್ರಕಟವಾಗಿತ್ತು.

ಆ ದೋಷದ ಸ್ವರೂಪ ಇಲ್ಲಿ ಗಮನಾರ್ಹ. ಜೆಂಕಿನ್ಸ್ ತಂತ್ರಾಂಶವು ಆಜ್ಞೆಗಳನ್ನು ಓದಿ ಬಿಡಿಸಲು ಆರ್ಗ್ಸ್ ಫೋರ್ ಜೆ ಎಂಬ ಲೈಬ್ರರಿಯನ್ನು ಅವಲಂಬಿಸಿತ್ತು. ಆಜ್ಞೆಯಲ್ಲಿ ‘ಆ್ಯಟ್’ ಚಿಹ್ನೆಯ ಮುಂದೆ ಕಡತದ ಹೆಸರು ಬಂದರೆ ಆ ಹೆಸರಿನ ಜಾಗದಲ್ಲಿ ಕಡತದ ಒಳಗಿರುವುದನ್ನೆಲ್ಲ ತಂದಿಡುವ ಸೌಲಭ್ಯ ಆ ಲೈಬ್ರರಿಯಲ್ಲಿ ತಾನಾಗಿಯೇ ಜಾರಿಯಲ್ಲಿರುತ್ತಿತ್ತು. ಜೆಂಕಿನ್ಸಿಗೆ ಅದರ ಅಗತ್ಯವಿರಲಿಲ್ಲ. ಹೊರಗಿನವನು ಅದನ್ನು ಹಿಡಿದು ಸರ್ವರಿನ ಗುಪ್ತ ಕಡತಗಳನ್ನು ಓದಬಹುದಾಗಿತ್ತು. ದೋಷ ತಿಳಿದ ಮೇಲೆ ಜೆಂಕಿನ್ಸಿನವರು ಮಾಡಿದ ಪರಿಹಾರವೆಂದರೆ ಆ ಸೌಲಭ್ಯವನ್ನು ಮುಚ್ಚಿದ್ದು. ಮುಚ್ಚಿದ್ದರಿಂದ ಯಾವ ಕೆಲಸವೂ ನಿಲ್ಲದಿದ್ದ ಮೇಲೆ, ಅದು ಅಷ್ಟು ಕಾಲ ತೆರೆದಿದ್ದುದು ಯಾರ ಹಿತಕ್ಕಾಗಿ?

ಹೊರೆ ಹೊರುವವರು ಯಾರು?

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ ಚೋರನೂರು ಒಂದು ಹೋಬಳಿ. ಅಲ್ಲಿಯ ರೈತನ ಪಹಣಿ ಇಂದು ಕೈಬರಹದ ಪುಸ್ತಕದಲ್ಲಿಲ್ಲ, ಭೂಮಿ ತಂತ್ರಾಂಶದಲ್ಲಿದೆ. ಮಗಳ ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರಗಳು ಗಣಕದಿಂದ ಬರುತ್ತವೆ. ಅಂಗಡಿಯ ಲೇವಾದೇವಿ ಮೊಬೈಲಿನಲ್ಲಿ ನಡೆಯುತ್ತದೆ. ಈ ವ್ಯವಸ್ಥೆಗಳಲ್ಲಿ ದೋಷವಿದೆಯೆಂಬುದು ಇಲ್ಲಿಯ ವಾದವಲ್ಲ. ವಾದ ಇಷ್ಟೆ: ಆ ರೈತನು ಒಂದು ಪ್ಯಾಕೇಜನ್ನೂ ಆರಿಸಲಿಲ್ಲ, ಒಂದರ ಹೆಸರನ್ನೂ ಕೇಳಿಲ್ಲ. ಆದರೂ ಎಲ್ಲಿಯೋ ಯಾರೋ ‘ಇದ್ದರೆ ಇರಲಿ’ ಎಂದು ಬಿಟ್ಟ ತುಣುಕು ಒಂದು ದಿನ ಮುರಿದಾಗ ಕಚೇರಿಯ ಮುಂದೆ ದಿನಗೂಲಿ ಕಳೆದುಕೊಂಡು ನಿಲ್ಲುವವನು ಅವನೇ. ಆರಿಸಿದವನು ಹವಾನಿಯಂತ್ರಿತ ಕೊಠಡಿಯಲ್ಲಿರುತ್ತಾನೆ, ಅನುಭವಿಸುವವನು ಸರದಿಯಲ್ಲಿರುತ್ತಾನೆ.

ಸಂಡೂರು ಸೀಮೆಯ ಜನರಿಗೆ ಈ ಅನ್ಯಾಯದ ಆಕಾರ ಹೊಸದಲ್ಲ. ಕಬ್ಬಿಣದ ಅದಿರಿಗಾಗಿ ಗುಡ್ಡ ಅಗೆದಾಗ ಅದಿರಿನೊಡನೆ ಬೇಡದ ಮಣ್ಣುಕಲ್ಲೂ ಹೊರಬೀಳುತ್ತದೆ. ಅದನ್ನು ಇಳಿಜಾರಿನಲ್ಲಿ ಸುರಿದು ಹೋದವರೂ ‘ಅದೇನು ಅನ್ನ ಕೇಳುತ್ತದೆಯೇ?’ ಎಂದೇ ಭಾವಿಸಿದ್ದಿರಬೇಕು. ಮಳೆ ಬಂದಾಗ ಆ ರಾಶಿ ಅನ್ನ ಕೇಳಲಿಲ್ಲ. ಅನ್ನ ಬೆಳೆಯುವ ಹೊಲಕ್ಕೂ ನೀರು ನಿಲ್ಲುವ ಕೆರೆಗೂ ಇಳಿಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಂದೆ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದಾಗ, ಪುನರಾರಂಭ ಬಯಸಿದವರಿಗೆ ನೆಲದ ಪುನಶ್ಚೇತನ ಯೋಜನೆಯನ್ನು ಕಡ್ಡಾಯ ಮಾಡಲಾಯಿತು. ತ್ಯಾಜ್ಯದ ರಾಶಿಗಳನ್ನು ಭದ್ರಪಡಿಸುವುದೂ ಅದರಲ್ಲಿ ಸೇರಿತ್ತು. ಉಪಯೋಗವಿಲ್ಲದ್ದು ಸುಮ್ಮನೆ ಬಿದ್ದಿರುತ್ತದೆ ಎಂಬ ನಂಬಿಕೆ ಗುಡ್ಡದ ಮೇಲೂ ಸುಳ್ಳಾಯಿತು, ಗಣಕದೊಳಗೂ ಸುಳ್ಳಾಗಿದೆ. ಎರಡರಲ್ಲಿಯೂ ದಂಡ ತೆತ್ತವರು ಲಾಭ ಪಡೆದವರಲ್ಲ.

ಇದಕ್ಕೆ ಸರಿಯಾದ ಹೆಸರು

ಇದನ್ನು ಪರಿಗ್ರಹವೆಂದು ಕರೆದು ಮಾತು ಮುಗಿಸುವುದು ಸುಲಭ, ಆದರೆ ನಿಖರವಲ್ಲ. ಪರಿಗ್ರಹದ ಜೀವಾಳ ಮೂರ್ಛೆ, ಅಂದರೆ ಮಮಕಾರ. ಬಳಸದ ಪ್ಯಾಕೇಜಿನ ಮೇಲೆ ಯಾರಿಗೆ ಮಮಕಾರ? ಅದು ಇದೆಯೆಂಬುದೇ ಒಡೆಯನಿಗೆ ತಿಳಿದಿಲ್ಲ. ಇದಕ್ಕೆ ಒಪ್ಪುವ ಹೆಸರು ಅನರ್ಥದಂಡ: ಪ್ರಯೋಜನವಿಲ್ಲದೆ ಜೀವಿಗಳಿಗೆ ಪೀಡೆ ತರುವ ನಡೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಮುಂತಾದವು ಅದರಲ್ಲಿ ಬರುತ್ತವೆ. ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳಲ್ಲಿ ಎರಡನ್ನು ವಿಶೇಷವಾಗಿ ಹೆಸರಿಸುತ್ತದೆ. ಪ್ರಯೋಜನವನ್ನು ವಿಚಾರಿಸದೆ ಹೆಚ್ಚಾಗಿ ಮಾಡುವುದು ಅಸಮೀಕ್ಷ್ಯಾಧಿಕರಣ. ಬಳಕೆಗೆ ಬೇಕಾದುದಕ್ಕಿಂತ ಮಿಗಿಲಾಗಿ ಇಟ್ಟುಕೊಳ್ಳುವುದು ಉಪಭೋಗಪರಿಭೋಗಾನರ್ಥಕ್ಯ. ಒಂದು ಸಾಲಿನ ಆಜ್ಞೆಯಿಂದ ಹಿಂದುಮುಂದು ನೋಡದೆ ಪ್ಯಾಕೇಜು ತರುವುದು ಮೊದಲನೆಯದಕ್ಕೂ, ಬೇಡವಾದ ಮೇಲೂ ಉಳಿಸುವುದು ಎರಡನೆಯದಕ್ಕೂ ನಿದರ್ಶನಗಳಲ್ಲವೇ?

ಗೃಹಸ್ಥನ ಬದುಕಿನಲ್ಲಿ ಆರಂಭಜನ್ಯ ಹಿಂಸೆ ಪೂರ್ತಿ ತಪ್ಪದು ಎಂಬುದನ್ನು ಧರ್ಮ ಒಪ್ಪುತ್ತದೆ. ಬೇಸಾಯ, ಅಡಿಗೆ, ವ್ಯಾಪಾರಗಳಲ್ಲಿ ಪ್ರಯೋಜನವೂ ಉಂಟು, ದೋಷವೂ ಉಂಟು. ವಿವೇಕಿ ಅವೆರಡನ್ನೂ ತೂಗುತ್ತಾನೆ. ಬಳಸುವ ಪ್ಯಾಕೇಜಿನ ವಿಷಯದಲ್ಲಿಯೂ ಹಾಗೆಯೇ ತೂಗಬೇಕು, ಏಕೆಂದರೆ ಅದರಲ್ಲಿ ಅಪಾಯವೂ ಇದೆ, ಉಪಕಾರವೂ ಇದೆ. ಬಳಸದ ಪ್ಯಾಕೇಜಿನಲ್ಲಿ ತೂಗಲು ಏನಿದೆ? ತಕ್ಕಡಿಯ ಒಂದು ತಟ್ಟೆ ಬರಿದು. ಎಷ್ಟೇ ಸಣ್ಣದಾಗಲಿ, ಇನ್ನೊಂದು ತಟ್ಟೆಯಲ್ಲಿ ಅಪಾಯ ಮಾತ್ರ ಕುಳಿತಿದೆ. ಅನರ್ಥ ಎಂಬ ಶಬ್ದ ಇಷ್ಟು ಅಚ್ಚುಕಟ್ಟಾಗಿ ಹೊಂದುವ ಸಂದರ್ಭ ಮತ್ತೊಂದು ಸಿಗುವುದು ಕಷ್ಟ.

ಹದಿನೈದು ಸಾಲಿನ ಶೋಧನೆ

ದೋಷವನ್ನು ಕಂಡುಹಿಡಿಯಲು ಲಕ್ಷಾಂತರ ರೂಪಾಯಿಯ ಸಾಧನ ಬೇಕೆಂದು ಹೆದರಿಸುವವರಿದ್ದಾರೆ. ಅದು ನಿಜವಲ್ಲ. ಮೊದಲ ಶೋಧನೆಗೆ ಹತ್ತು ಹದಿನೈದು ಸಾಲಿನ ಶೆಲ್ ಸ್ಕ್ರಿಪ್ಟ್ ಸಾಕು. ಗಣಕಕ್ಕೆ ಒಂದಾದ ಮೇಲೊಂದು ಕೊಡುವ ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. ಜಾವಾಸ್ಕ್ರಿಪ್ಟಿನಲ್ಲಿ ಬರೆದ ಜಾಲತಾಣವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಅವಲಂಬನೆಗಳ ಹೆಸರುಗಳು ಪ್ಯಾಕೇಜ್ ಡಾಟ್ ಜೇಸನ್ ಎಂಬ ಕಡತದಲ್ಲಿರುತ್ತವೆ. ಮೊದಲ ಆಜ್ಞೆ ಆ ಹೆಸರುಗಳನ್ನು ಸಾಲಿಗೊಂದರಂತೆ ಹೊರತೆಗೆಯುತ್ತದೆ. ಜೆಕ್ಯೂ ಎಂಬ ಉಚಿತ ಉಪಕರಣ ಇದಕ್ಕೆ ಒದಗುತ್ತದೆ. ಎರಡನೆಯ ಆಜ್ಞೆ ಒಂದೊಂದು ಹೆಸರನ್ನೂ ಹಿಡಿದು ಜಾಲತಾಣದ ಮೂಲ ಕಡತಗಳಲ್ಲೆಲ್ಲ ಹುಡುಕುತ್ತದೆ. ಇದಕ್ಕೆ ಗ್ರೆಪ್ ಇದೆ. ಹುಡುಕುವಾಗ ಪ್ಯಾಕೇಜುಗಳೇ ನೆಲೆಸಿರುವ ಕೋಶವನ್ನೂ, ಪಟ್ಟಿಯ ಕಡತಗಳನ್ನೂ ಹೊರಗಿಡಬೇಕು. ಇಲ್ಲವಾದರೆ ಪ್ರತಿಯೊಂದು ಹೆಸರೂ ತನ್ನ ಮನೆಯಲ್ಲಿಯೇ ಸಿಕ್ಕಿ, ಎಲ್ಲವೂ ಬಳಕೆಯಲ್ಲಿವೆ ಎಂಬ ಸುಳ್ಳು ಸಾಕ್ಷ್ಯ ದೊರೆಯುತ್ತದೆ. ಮೂರನೆಯ ಆಜ್ಞೆ, ಎಲ್ಲಿಯೂ ಸಿಗದ ಹೆಸರನ್ನು ಬೇರೆ ಪಟ್ಟಿಗೆ ಬರೆಯುತ್ತದೆ. ಇಷ್ಟೇ.

ಗ್ರೆಪ್ ಆಜ್ಞೆ 1973ರಿಂದ ಯುನಿಕ್ಸ್ ವ್ಯವಸ್ಥೆಯಲ್ಲಿದೆ. ಬರೆದವರು ಕೆನ್ ಥಾಮ್ಸನ್. ಅದೇ ಥಾಮ್ಸನ್ ಮುಂದೆ ಗೂಗಲ್ ಸಂಸ್ಥೆಯಲ್ಲಿ ಇನ್ನಿಬ್ಬರೊಡನೆ ಗೋ ಎಂಬ ಭಾಷೆಯನ್ನು ರೂಪಿಸಿದರು. 2009ರಲ್ಲಿ ಅದು ಪ್ರಕಟವಾಯಿತು. ಆ ಭಾಷೆಯಲ್ಲಿ ಪ್ಯಾಕೇಜೊಂದನ್ನು ಕಡತಕ್ಕೆ ಬರಮಾಡಿಕೊಂಡು ಬಳಸದೆ ಬಿಟ್ಟರೆ, ಗಣಕವು ಅದನ್ನು ದೋಷವೆಂದೇ ಸಾರಿ ತಂತ್ರಾಂಶವನ್ನು ಕಟ್ಟಲು ನಿರಾಕರಿಸುತ್ತದೆ. ಎಚ್ಚರಿಕೆ ಕೊಟ್ಟು ಸುಮ್ಮನಾಗುವುದಿಲ್ಲ. ಬಳಸದ್ದನ್ನು ಇಟ್ಟುಕೊಳ್ಳುವುದು ಕ್ಷಮಾರ್ಹವಲ್ಲವೆಂದು ಧರ್ಮದ ಹೆಸರೆತ್ತದ ಯಂತ್ರವೂ ನಿರ್ಣಯಿಸಿರುವಾಗ, ವ್ರತಗಳ ಹೆಸರನ್ನು ನಿತ್ಯ ಹೇಳುವವರು ಹಿಂದೆ ಬೀಳಬೇಕೇ?

ಆದರೆ ಇಲ್ಲಿಯೇ ಒಂದು ಎಚ್ಚರಿಕೆಯೂ ಅವಶ್ಯ. ಸ್ಕ್ರಿಪ್ಟ್ ಹೇಳುವುದು ಒಂದು ನಯದ ಮಾತು. ಅದೇ ಪೂರ್ಣ ಸತ್ಯವಲ್ಲ. ‘ಹೆಸರು ಸಿಗಲಿಲ್ಲ’ ಎಂಬುದರಿಂದ ‘ಬಳಕೆ ಇಲ್ಲ’ ಎಂದು ಹಾರುವುದು ಏಕಾಂತವಾದ. ಪೈಥಾನ್ ಭಾಷೆಯಲ್ಲಿ ಪಿಲ್ಲೋ ಎಂಬ ಹೆಸರಿನಲ್ಲಿ ತರಿಸಿದ ಪ್ಯಾಕೇಜನ್ನು ಕಡತದಲ್ಲಿ ಪಿಐಎಲ್ ಎಂದು ಕರೆಯಲಾಗುತ್ತದೆ. ಪೈಯಾಮಲ್ ಎಂದು ತಂದದ್ದಕ್ಕೆ ಒಳಗೆ ಯಾಮಲ್ ಎಂಬ ಹೆಸರು. ಮನೆಯಲ್ಲಿ ಕರೆಯುವ ಹೆಸರೊಂದು, ಶಾಲೆಯ ದಾಖಲೆಯ ಹೆಸರೊಂದು ಇದ್ದಂತೆ. ಕೆಲವು ಪ್ಯಾಕೇಜುಗಳನ್ನು ಯಾವ ಮೂಲ ಕಡತವೂ ಕರೆಯದೆ, ತಂತ್ರಾಂಶವನ್ನು ಕಟ್ಟುವ ಅಥವಾ ಪರೀಕ್ಷಿಸುವ ಹೊತ್ತಿನಲ್ಲಿ ಮಾತ್ರ ವ್ಯವಸ್ಥಾಕಡತ ಕರೆಯುತ್ತದೆ. ಮತ್ತೆ ಕೆಲವು ಇನ್ನೊಂದು ಪ್ಯಾಕೇಜಿಗೆ ಜೊತೆಗಾರರಾಗಿ ಇರಲೇಬೇಕಾದವು. ಇದಕ್ಕೆ ತದ್ವಿರುದ್ಧವಾಗಿ, ಹೆಸರು ಸಿಕ್ಕಿದರೂ ಅದು ಹಳೆಯ 'ಟಿಪ್ಪಣಿ'ಯ ಸಾಲಿನಲ್ಲಿ ಮಾತ್ರ ಇದ್ದು, ನಿಜವಾದ ಬಳಕೆ ಎಂದೋ ನಿಂತಿರಬಹುದು. ಆದ್ದರಿಂದ ಸ್ಕ್ರಿಪ್ಟಿನ ಕೈಗೆ ಹುಡುಕುವ ಅಧಿಕಾರ ಕೊಡಬೇಕು, ಅಳಿಸುವ ಅಧಿಕಾರ ಕೊಡಬಾರದು.

ಮುನಿಗಳು ಕಮಂಡಲುವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ಎತ್ತುವಾಗಲೂ ಇಡುವಾಗಲೂ ನೋಡಿ, ಪಿಂಛಿಯಿಂದ ಸವರಿ, ಆಮೇಲೆ ಮುಂದುವರಿಯುವುದನ್ನು ಶ್ರಾವಕರೆಲ್ಲ ಕಂಡಿದ್ದಾರೆ. ಅದು ಆದಾನನಿಕ್ಷೇಪಣ ಸಮಿತಿ. ತರುವಾಗ ಎಷ್ಟು ಎಚ್ಚರವೋ ಬಿಡುವಾಗಲೂ ಅಷ್ಟೇ ಎಚ್ಚರ. ತಂತ್ರಾಂಶದ ಕೆಲಸದಲ್ಲಿ ಅದರ ಕ್ರಮ ಹೀಗಿದೆ: ಮೊದಲು ಇಡೀ ತಂತ್ರಾಂಶದ ಪ್ರತಿಯನ್ನು ಗಿಟ್‌ನಂಥ ಇತಿಹಾಸ ಕಾಯುವ ವ್ಯವಸ್ಥೆಯಲ್ಲಿ ಭದ್ರಪಡಿಸುವುದು; ಸಂಶಯದ ಪಟ್ಟಿಯಿಂದ ಒಂದು ಸಲಕ್ಕೆ ಒಂದನ್ನೇ ತೆಗೆಯುವುದು; ತೆಗೆದ ಮೇಲೆ ತಂತ್ರಾಂಶವನ್ನು ಹೊಸದಾಗಿ ಕಟ್ಟಿ, ಕಾಣಿಕೆಯ ಪುಟ, ರಸೀದಿ, ಪೂಜೆಯ ಕಾಯ್ದಿರಿಸುವಿಕೆ ಎಲ್ಲವನ್ನೂ ಒಮ್ಮೆ ನಡೆಸಿ ನೋಡುವುದು; ಕೆಟ್ಟರೆ ಮರಳಿ ಇಟ್ಟು, ಏಕೆ ಬೇಕೆಂಬುದನ್ನು ಬರೆದಿಡುವುದು; ಕೆಡದಿದ್ದರೆ ಮುಂದಿನದಕ್ಕೆ ಹೋಗುವುದು. ಹೀಗೆ ಬರೆದಿಟ್ಟ ಕಾರಣವೇ ಮುಂದೆ ಬರುವವನಿಗೆ ದೀಪ.

ಆಕ್ಷೇಪಗಳಿಗೆ ಸಮಾಧಾನ

‘ಓಡುತ್ತಿರುವ ಗಾಡಿಯ ಅಚ್ಚನ್ನು ಏಕೆ ಬಿಚ್ಚಬೇಕು?’ ಎಂಬುದು ಮೊದಲ ಆಕ್ಷೇಪ. ಈ ಭಯ ಪೂರ್ತಿ ನಿರಾಧಾರವಲ್ಲ. ಅದಕ್ಕಾಗಿಯೇ ಒಂದೊಂದಾಗಿ, ಪರೀಕ್ಷಿಸುತ್ತ, ಮರಳಿ ಇಡುವ ದಾರಿಯನ್ನು ತೆರೆದಿಟ್ಟುಕೊಂಡು ತೆಗೆಯಬೇಕೆಂದು ಹೇಳಿದ್ದು. ಆದರೆ ಯಾವ ತುಣುಕನ್ನು ತೆಗೆದರೆ ಏನಾಗುವುದೆಂದು ಯಾರಿಗೂ ತಿಳಿಯದಿದ್ದರೆ, ಆ ಗಾಡಿ ಓಡುತ್ತಿರುವುದು ಸಾರಥಿಯ ಜಾಣತನದಿಂದಲ್ಲ, ರಸ್ತೆ ಇಳಿಜಾರಾಗಿರುವುದರಿಂದ.

‘ಸಣ್ಣ ಊರಿನ ಸಣ್ಣ ಬಸದಿಯ ಟ್ರಸ್ಟಿನ ಮೇಲೆ ಯಾರು ದಾಳಿ ಮಾಡುತ್ತಾರೆ?’ ಎಂಬುದು ಎರಡನೆಯದು. ದಾಳಿ ಮಾಡುವವರು ಊರಿನ ಹೆಸರು ನೋಡಿ ಬರುವುದಿಲ್ಲ. ದೋಷವುಳ್ಳ ತುಣುಕು ಎಲ್ಲೆಲ್ಲಿದೆಯೆಂದು ಯಂತ್ರಗಳೇ ಹಗಲಿರುಳು ಜಾಲವನ್ನೆಲ್ಲ ತಡಕುತ್ತಿರುತ್ತವೆ. ಅನೇಕ ಟ್ರಸ್ಟುಗಳ ಜಾಲತಾಣಗಳು ವರ್ಡ್‌ಪ್ರೆಸ್ ತಂತ್ರಾಂಶದ ಮೇಲೆ ನಿಂತಿವೆ. ಅದರಲ್ಲಿ ಬೇಡವಾದ ಪ್ಲಗಿನ್ ಅನ್ನು ನಿಷ್ಕ್ರಿಯಗೊಳಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ನಿಷ್ಕ್ರಿಯಗೊಳಿಸಿದರೂ ಅದರ ಕಡತಗಳು ಸರ್ವರಿನಲ್ಲಿಯೇ ಉಳಿಯುತ್ತವೆ. ಕೆಲವು ದೋಷಗಳನ್ನು ಆ ಸ್ಥಿತಿಯಲ್ಲಿಯೂ ಬಳಸಿಕೊಳ್ಳಲು ಸಾಧ್ಯ. ಬೇಡವಾದುದನ್ನು ಅಳಿಸಿದಾಗ ಮಾತ್ರ ಕೆಲಸ ಮುಗಿಯುತ್ತದೆ.

‘ಇದು ತಂತ್ರಜ್ಞರ ಕೆಲಸ, ಧರ್ಮದರ್ಶಿಗಳಿಗೆ ಏನು ತಿಳಿಯುತ್ತದೆ?’ ಎಂಬುದು ಮೂರನೆಯದು. ಖಜಾಂಚಿ ಅಕ್ಕಸಾಲಿಗನಲ್ಲ. ಆದರೂ ವರ್ಷಕ್ಕೊಮ್ಮೆ ಬೆಳ್ಳಿಯ ಕಳಶ, ಛತ್ರ, ಪ್ರಭಾವಳಿಗಳನ್ನು ತೂಗಿಸಿ ದಾಸ್ತಾನು ಪುಸ್ತಕಕ್ಕೆ ರುಜು ಹಾಕುತ್ತಾನೆ. ದಾನಿಗಳ ಹೆಸರು, ವಿಳಾಸ, ದೂರವಾಣಿ, ಪ್ಯಾನ್ ಸಂಖ್ಯೆಗಳು ಬೆಳ್ಳಿಗಿಂತ ಹಗುರವಾದ ನ್ಯಾಸವೇನೂ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಇಂಥ ಮಾಹಿತಿಯನ್ನು ಇಟ್ಟುಕೊಂಡವರು ಯುಕ್ತವಾದ ಭದ್ರತಾ ಕ್ರಮಗಳನ್ನು ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಮಾಡಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ದಂಡದ ಭಯದಿಂದ ಮಾಡುವ ಕೆಲಸ ಧರ್ಮವಾಗದು ಎಂಬುದು ನಿಜ. ಆದರೆ ಧರ್ಮವೆಂದು ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಕಾಯಿದೆ ಬಂದು ಹೇಳಬೇಕಾಯಿತಲ್ಲ ಎಂಬುದಕ್ಕೆ ನಾಚಬೇಕು.

ಕೆಲವರು ಇನ್ನೊಂದು ತುದಿಗೆ ಹೋಗಿ, ‘ಅವಲಂಬನೆಯೇ ಬೇಡ, ಎಲ್ಲವನ್ನೂ ನಾವೇ ಬರೆದುಕೊಳ್ಳೋಣ’ ಎನ್ನುತ್ತಾರೆ. ಇದು ಅಹಂಕಾರದ ಮಾತು. ಗೂಢಲಿಪಿಯಂಥ ಸೂಕ್ಷ್ಮ ವಿಷಯಗಳಲ್ಲಿ ನುರಿತವರು ಬರೆದು, ಹಲವರು ಪರಿಶೀಲಿಸಿದ್ದನ್ನು ಬಿಟ್ಟು ಸ್ವಂತ ಕೈಚಳಕ ತೋರಿಸುವುದೇ ದೊಡ್ಡ ಅಪಾಯ. ಜೀವಿಗಳು ಒಂದಕ್ಕೊಂದು ಉಪಕಾರಿಗಳಾಗಿ ಬದುಕುತ್ತವೆಂಬ ತತ್ತ್ವವನ್ನು ಒಪ್ಪಿದವರು ಪರಾವಲಂಬನೆಯನ್ನು ನಿಂದಿಸಲಾರರು. ನಿಂದ್ಯವಾದುದು, ಯಾರ ಉಪಕಾರವನ್ನು ಪಡೆಯುತ್ತಿದ್ದೇವೆ ಎಂಬುದನ್ನೇ ಅರಿಯದ ಸ್ಥಿತಿ. ಬಳಸದ್ದನ್ನು ಕಳೆದ ಮೇಲೆ ಉಳಿಯುವ ಪಟ್ಟಿ ಚಿಕ್ಕದು. ಅದರಲ್ಲಿರುವವರ ಋಣವನ್ನು ಆಗ ನಿಜವಾಗಿ ಸ್ಮರಿಸಬಹುದು. ಬೆಂಗಳೂರಿನ ಝೆರೋಧಾ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಎಂಬ ನಿಧಿಯನ್ನು ಘೋಷಿಸಿ, ಮುಕ್ತ ತಂತ್ರಾಂಶಗಳನ್ನು ನಡೆಸುವವರಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ಸಂಕಲ್ಪ ಮಾಡಿತು. ಎಲ್ಲರೂ ಅಷ್ಟು ಕೊಡಲಾರರು. ಎಕ್ಸ್‌ಝಡ್ ಪ್ರಸಂಗದಲ್ಲಿ ಒಂಟಿ ನಿರ್ವಾಹಕರ ದಣಿವೇ ಕಳ್ಳನಿಗೆ ದಾರಿಯಾಯಿತೆಂಬುದನ್ನು ನೆನೆದರೆ, ಸಣ್ಣ ಕಾಣಿಕೆಯೂ ವ್ಯರ್ಥವಲ್ಲವೆಂದು ತಿಳಿದೀತು.

ಟ್ರಸ್ಟುಗಳ ಕರ್ತವ್ಯ

ಮಾಡಬೇಕಾದುದು ಹೆಚ್ಚೇನೂ ಇಲ್ಲ. ಜಾಲತಾಣವನ್ನಾಗಲಿ ಲೆಕ್ಕದ ತಂತ್ರಾಂಶವನ್ನಾಗಲಿ ಮಾಡಿಕೊಟ್ಟವರಿಂದ ಅವಲಂಬನೆಗಳ ಸಂಪೂರ್ಣ ಪಟ್ಟಿಯನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಇಂಥ ಘಟಕಪಟ್ಟಿಯನ್ನು ಹೇಗೆ ಸಿದ್ಧಪಡಿಸಬೇಕೆಂಬ ಮಾರ್ಗದರ್ಶಿಯನ್ನು ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆ 2024ರ ಅಕ್ಟೋಬರಿನಲ್ಲಿಯೇ ಹೊರತಂದಿದೆ. ಆದಕಾರಣ ‘ಅಂಥದ್ದು ರೂಢಿಯಲ್ಲಿಲ್ಲ’ ಎಂಬ ನೆಪಕ್ಕೆ ಎಡೆಯಿಲ್ಲ. ವಾರ್ಷಿಕ ಲೆಕ್ಕಪರಿಶೋಧನೆಯ ಸಮಯದಲ್ಲಿಯೇ ಒಮ್ಮೆ ಸ್ಕ್ರಿಪ್ಟನ್ನು ನಡೆಸಿ, ಬಳಕೆಯಿಲ್ಲವೆಂದು ಕಂಡವನ್ನು ಪರೀಕ್ಷಿಸಿ ತೆಗೆಯಬೇಕು. ತೆಗೆದದ್ದೆಷ್ಟು, ಉಳಿಸಿದ್ದು ಯಾವ ಕಾರಣಕ್ಕೆ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು. ಸಮಾಜದ ಅನೇಕ ಮನೆಗಳಲ್ಲಿ ಗಣಕವಿದ್ಯೆ ಕಲಿತ ಮಕ್ಕಳಿದ್ದಾರೆ. ಪಂಚಕಲ್ಯಾಣದ ಹೊತ್ತಿಗೆ ಅವರಿಂದ ಚಪ್ಪರದ ಕೆಲಸ ಮಾಡಿಸುವ ಹಿರಿಯರು, ವರ್ಷದಲ್ಲಿ ಒಂದು ಭಾನುವಾರ ಈ ಸೇವೆಯನ್ನೂ ಕೇಳಲಿ. ಮೆರವಣಿಗೆಯಿಲ್ಲದ, ಶಿಲಾಫಲಕವಿಲ್ಲದ ಸೇವೆ ಇದು. ಇದರ ಫಲವೆಂದರೆ ಒಂದು ಅನಾಹುತ ನಡೆಯದೆ ಇರುವುದು. ನಡೆಯದುದಕ್ಕೆ ಯಾರೂ ಶಾಲು ಹೊದಿಸುವುದಿಲ್ಲ.

ಅಹಿಂಸೆಯನ್ನು ತಟ್ಟೆಯ ಆಹಾರಕ್ಕೂ ಕಾಲಿನ ಕೆಳಗಿನ ಇರುವೆಗೂ ಸೀಮಿತಗೊಳಿಸಿ, ಸ್ವಂತ ಅಧೀನದ ಯಂತ್ರವು ಕಾಣದ ಜನರಿಗೆ ಮಾಡಬಹುದಾದ ಪೀಡೆಯನ್ನು ಕಡೆಗಣಿಸುವುದು ವ್ರತದ ಹೊಟ್ಟನ್ನು ಹಿಡಿದು ಕಾಳನ್ನು ತೂರಿದಂತೆ. ಸೋಸದ ನೀರನ್ನು ಕುಡಿಯದ ಮನೆತನಗಳಿವು. ನೀರಿನಲ್ಲಿ ಕಣ್ಣಿಗೆ ಬೀಳದ ಜೀವಗಳಿವೆಯೆಂದು ನಂಬಿ ಬಟ್ಟೆ ಕಟ್ಟುವವರು, ತಂತ್ರಾಂಶದಲ್ಲಿ ಕಣ್ಣಿಗೆ ಬೀಳದ ತುಣುಕುಗಳಿವೆಯೆಂದು ತಿಳಿದ ಮೇಲೂ ಸೋಸದೆ ಬಿಟ್ಟರೆ, ಅದಕ್ಕೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.